ನಲವತ್ತೊಂದನೇ ಪದರ

ಡಬ್ಬಿಯೊಳಗೆ ಗಾಜಿಗೆ ಗಾಜು ತಾಗಿ ಸಣ್ಣ ಸದ್ದು, ಒಂದೊಂದು ಹೆಜ್ಜೆಗೂ, ಎಷ್ಟು ಹುಷಾರಾಗಿ ಹಿಡಿದರೂ ನಿಲ್ಲದ ಸದ್ದು — ಮೂರ್ತಿ ಮರದ ಡಬ್ಬಿಯನ್ನು ಎದೆಗೆ ಒತ್ತಿಕೊಂಡ, ಗಾಂಧಿ ಬಜಾರಿನ ಹೂವಿನ ಸಾಲಿನಲ್ಲಿ ಜನ ಒತ್ತರಿಸಿಕೊಂಡು ಬರ್ತಿದಾರೆ, ಯಾರಾದರೂ ಮೈಗೆ ತಾಗಿದರೆ, ಡಬ್ಬಿ ಕೈಜಾರಿದರೆ, ಆಗ ಯಾರ ತಪ್ಪೂ ಅಲ್ಲ, ಜನ ಜಾಸ್ತಿ ಇದ್ರು ಕಣಮ್ಮ ಅಂದರೆ ಮುಗಿಯಿತು, ಆದರೆ ಜನ ಅವನ ನರೆತ ತಲೆ ನೋಡಿ ದಾರಿ ಬಿಡ್ತಾರೆ, ಬನ್ನಿ ಯಜಮಾನ್ರೆ ಅಂತ ಮಲ್ಲಿಗೆ ಮಾರುವವಳು ಬುಟ್ಟಿಯನ್ನೇ ಪಕ್ಕಕ್ಕೆಳೆದುಕೊಂಡಳು, ಕಾಲೇಜಿನ ಲ್ಯಾಬಿನಲ್ಲಿ ಮೂವತ್ತಾರು ವರ್ಷ ಕಲ್ಲು ತೇಯ್ದ ಕೈ ಇದು, ಬೀಳಿಸು ಅಂದರೂ ಬೀಳಿಸಲ್ಲ. ಈಗ ಹತ್ತು ನಿಮಿಷದ ಹಿಂದೆ ಶಿವಕುಮಾರಿ ಅಮ್ಮನವರು ಬೀರುವಿನಿಂದ ಇಳಿಸಿಕೊಟ್ಟಾಗ ಇದರ ಮೇಲೆ ಎರಡು ವರ್ಷದ ಧೂಳು, ಪ್ರೊಫೆಸರ್ ಮಲ್ಲಿಕಾರ್ಜುನಯ್ಯ ಸಾರ್ ಹೋಗಿ ಅಷ್ಟೇ ಕಾಲವಾಯಿತು, ಧೂಳನ್ನು ಅವರು ಸೆರಗಿನಲ್ಲೇ ಒರೆಸಿದರು, ತಗೊಳ್ಳಿ ಮೂರ್ತಿ, ಇದನ್ನ ಕಾಲೇಜಿಗೂ ಕೊಟ್ಟಿರ್ಲಿಲ್ಲ ನಮ್ಮೆಜಮಾನ್ರು, ಇದು ನನ್ನ ಕಡಲು ಅಂತಿದ್ರು, ನಿಮ್ಮ ಮಗಳು ಕೇಳಿದಾಳೆ ಅಂದ್ಮೇಲೆ ಇಲ್ಲ ಅನ್ನೋಕಾಗತ್ತಾ, ಹೇಗಿದಾಳೆ ಮಗು, ಎದ್ದು ಕೂತ್ಕೊಳ್ತಾಳಾ? ದಿಂಬು ಕೊಟ್ಟು ಕೂರಿಸ್ತೀವಿ ಅಮ್ಮ. ಕಾಲು? ಮೂರ್ತಿ ತಲೆ ಅಲ್ಲಾಡಿಸಿದ. ಅವರು ಒಳಗೆ ಹೋಗಿ ಕಾಫಿ ತಂದು, ಕುರ್ಚಿ ತೋರಿಸಿದರು, ಕೂತ್ಕೊಳ್ಳಿ, ಮೂವತ್ತು ವರ್ಷದಲ್ಲಿ ಆ ಮನೆಯ ಕುರ್ಚಿಯ ಮೇಲೆ ಅವನು ಕೂತದ್ದು ಇವತ್ತೇ ಮೊದಲು. ಅವರು ನಿಮ್ಮ ಕೈ ಬಗ್ಗೆ ಹೇಳದ ದಿನ ಇಲ್ಲ ಮೂರ್ತಿ, ನನ್ನ ಕಣ್ಣು ಸುಳ್ಳು ಹೇಳಬಹುದು, ಮೂರ್ತಿ ಮಾಡಿದ ಸ್ಲೈಡು ಸುಳ್ಳು ಹೇಳಲ್ಲ ಅಂತಿದ್ರು. ಕಾಫಿಯನ್ನು ಅವನು ಒಂದೇ ಗುಟುಕಿಗೆ ಸುರಿದುಕೊಂಡ, ನಾಲಿಗೆ ಇನ್ನೂ ಉರೀತಿದೆ.

ಆಶ್ರಮದ ಸರ್ಕಲ್ಲಿನ ಕಡೆ ತಿರುಗಿದರೆ ಜನ ಕಡಿಮೆ, ನೆರಳಿದೆ, ಇಲ್ಲಿಂದ ಗವಿಪುರಕ್ಕೆ ಇಳಿಜಾರು, ಇಪ್ಪತ್ತು ನಿಮಿಷ, ಮನೆಯಲ್ಲಿ ಲಾಸ್ಯಾ ಮೈಕ್ರೋಸ್ಕೋಪನ್ನು ಮಡಿಲ ಮೇಜಿಗೆ ಇಡಿಸಿಕೊಂಡು ಕಾಯ್ತಿದಾಳೆ, ಬೆಳಿಗ್ಗೆ ಹೊರಡುವಾಗ ಎಂಟು ತಿಂಗಳಲ್ಲಿ ಮೊದಲ ಸಲ ತಲೆ ಬಾಚಿಸಿಕೊಂಡಳು ಅಂತ ಹೆಂಡತಿ ಸಿದ್ದಮ್ಮ ಕಣ್ಣೊರೆಸಿಕೊಂಡಳು. ಎಲ್ಲ ಶುರುವಾದದ್ದು ಇಂಥದೇ ಒಂದು ಮೈಕ್ರೋಸ್ಕೋಪಿನಿಂದ, ಲಾಸ್ಯಾಗೆ ಆಗ ಒಂಬತ್ತು, ಭಾನುವಾರ ಲ್ಯಾಬಿನಲ್ಲಿ ಯಾರೂ ಇರಲಿಲ್ಲ, ಬಾ ಒಂದು ತಮಾಷೆ ತೋರಿಸ್ತೀನಿ ಅಂತ ಕರಕೊಂಡು ಹೋಗಿದ್ದ, ಸುಣ್ಣದಕಲ್ಲಿನ ಒಂದು ಚೂರನ್ನು ಗಾಜಿಗೆ ಅಂಟಿಸಿ, ಗಂಧ ತೇಯ್ದ ಹಾಗೆ ಪುಡಿ ನೀರು ಹಾಕಿ ತೇಯ್ತಾ ತೇಯ್ತಾ ಹೋಗೋದು, ಕೂದಲಿಗಿಂತ ತೆಳ್ಳಗಾಗಿ ಬೆಳಕು ಆಚೆ ಬರೋವರೆಗೆ, ಆಮೇಲೆ ಕಣ್ಣಿಟ್ಟು ನೋಡಿದರೆ ಕಲ್ಲು ಅನ್ನೋದೇ ಇಲ್ಲ, ಬರೀ ಚಿಪ್ಪುಗಳು, ಸಾಸಿವೆಗಿಂತ ಸಣ್ಣವು, ಕೋಣೆ ಕೋಣೆಯಾಗಿ ಸುತ್ತಿಕೊಂಡವು, ಏಳು ಕೋಟಿ ವರ್ಷದ ಹಿಂದೆ ಸತ್ತವು. ಅಪ್ಪಾ, ಇವೆಲ್ಲ ಜೀವ ಇದ್ವಾ? ಇದ್ವು. ಎಲ್ಲಿ? ಸಮುದ್ರದಲ್ಲಿ, ತಮಿಳ್ನಾಡಲ್ಲಿ ಅರಿಯಲೂರು ಅಂತ ಇದೆ, ಈಗ ಬರೀ ಒಣ ನೆಲ, ಸಿಮೆಂಟಿಗೆ ಅಂತ ಗುಂಡಿ ತೋಡಿದಾರೆ, ಅಲ್ಲೆಲ್ಲ ಆಗ ಸಮುದ್ರ. ಸಾರ್ ಅವನಿಗೆ ಹೇಳಿಕೊಟ್ಟದ್ದನ್ನೆಲ್ಲ ಅವನು ಅವಳಿಗೆ ಹೇಳಿದ, ದಪ್ಪ ಚಿಪ್ಪಿನವು, ಸಿಂಪಿಯ ಚೂರು, ಪಾಚಿಯ ಗಂಟು ಕಂಡರೆ ಬೆಳಕು ತಳ ಮುಟ್ಟೋ ಅಷ್ಟು ತೆಳು ನೀರು, ಬಲೂನಿನ ಹಾಗೆ ದುಂಡಗಿನ ತೆಳು ಚಿಪ್ಪಿನವೇ ನುಣುಪಾದ ಕೆಸರಲ್ಲಿ ತುಂಬಿದ್ದರೆ ಆಳ, ಅವು ಮೇಲೆ ತೇಲ್ತಾ ಬದುಕಿ ಸತ್ತು ಕೆಳಗೆ ಕತ್ತಲಿಗೆ ಇಳಿದವು. ಒಂದು ಕಲ್ಲಿನ ಮೇಲೆ ಇನ್ನೊಂದು ಕಲ್ಲು, ಪದರ ಪದರವಾಗಿ ಓದ್ತಾ ಹೋದರೆ ಸಮುದ್ರ ಯಾವಾಗ ಏರಿತು ಯಾವಾಗ ಇಳೀತು ಎಲ್ಲ ಬರೆದಿಟ್ಟ ಹಾಗೆ. ಅವಳು ಕಣ್ಣು ತೆಗೀಲೇ ಇಲ್ಲ. ನಾನೂ ಇದನ್ನೇ ಓದ್ತೀನಿ. ಅವನ ಅಪ್ಪ ಓಬಳಪ್ಪ ಚಾಮರಾಜಪೇಟೆಯಲ್ಲಿ ಮನೆ ಕಟ್ಟೋರಿಗೆ ಕಲ್ಲು ಹೊತ್ತು ಹಾಕಿದವನು, ಮಗ ಕಲ್ಲು ತೇಯ್ದ, ಮೊಮ್ಮಗಳು ಕಲ್ಲು ಓದ್ತಾಳೆ ಅಂತ ಆ ಸಂಜೆ ಮನೆಗೆ ಜಿಲೇಬಿ ಕೊಂಡುಹೋದ, ಬೇಡ ಮಗಳೇ ಅಂತ ಅವತ್ತೇ ಅಂದಿದ್ದರೆ, ಯಾಕೆ ಅನ್ನಬೇಕಿತ್ತು, ಅವತ್ತು ಆ ನಲವತ್ತೊಂದನೇ ಸ್ಲೈಡಿನ ನೆನಪೂ ಇರಲಿಲ್ಲ ಅವನಿಗೆ, ಇಲ್ಲ, ಇತ್ತು, ಇಲ್ಲದೆ ಏನು.

ಕ್ರಿಕೆಟ್ಟು. ಬರೀ ಕ್ರಿಕೆಟ್ಟು. ಇಪ್ಪತ್ತಾರು ವರ್ಷದಿಂದ ಅದಕ್ಕೊಂದು ಗೌರವದ ಕಾರಣ ಹುಡುಕಿ ಸಾಕಾಗಿದೆ, ಜ್ವರ ಇತ್ತು, ಕರೆಂಟು ಹೋಗಿಬಂದು ಮಾಡ್ತಿತ್ತು, ಪುಡಿ ಒರಟಾಗಿತ್ತು, ಒಂದೂ ನಿಜ ಅಲ್ಲ, ಕಿಟಕಿಯ ಮೇಲೆ ರೇಡಿಯೋ ಇತ್ತು, ಕೊನೇ ಮೂರು ಓವರು, ತಿರುಗುವ ಚಕ್ರದ ಮೇಲೆ ಗಾಜನ್ನು ಒತ್ತಿ ಹಿಡಿದ ಬೆರಳು ಹಿಡಿದೇ ಇತ್ತು, ಕಿವಿ ಅಲ್ಲಿ, ಕೂಗು ಎದ್ದಾಗ ಅವನೂ ಕೂಗಿದ, ಆಮೇಲೆ ಗಾಜು ತೊಳೆದು ಬೆಳಕಿಗೆ ಹಿಡಿದರೆ ಕಲ್ಲೇ ಇಲ್ಲ. ಪೂರ್ತಿ ತೇದುಹೋಗಿತ್ತು. ಅರಿಯಲೂರಿನ ನಲವತ್ತೊಂದನೇ ಪದರ, ಸಾರ್ ತಂದದ್ದೇ ಬೆರಳಷ್ಟು ಚೂರು, ಅದರಲ್ಲಿ ಉಳಿದದ್ದು ಬಕೆಟ್ಟಿನ ತಳದಲ್ಲಿ ಬಿಳೀ ನೀರು. ಹನ್ನೊಂದು ವರ್ಷ ದಿನಗೂಲಿ ಮಾಡಿದ್ದ, ಅವನನ್ನು ಖಾಯಂ ಮಾಡುವ ಫೈಲು ಆ ವಾರ ಸಾರ್ ಮೇಜಿನ ಮೇಲಿತ್ತು, ಸಾರ್ ಕೆಟ್ಟವರೇನಲ್ಲ, ಕೋಪ ಬಂದರೆ ಮಾತ್ರ ಮನುಷ್ಯನನ್ನೇ ಮರೀತಿದ್ದರು, ಹಿಂದಿನ ವರ್ಷ ಒಬ್ಬ ಎರಡು ಸ್ಲೈಡು ಒಡೆದ ಅಂತ ಮಧ್ಯಾಹ್ನದೊಳಗೆ ಹೊರಗೆ ಕಳಿಸಿದ್ದರು. ಮೂಲೆಯಲ್ಲಿ ಯಾವನೋ ವಿದ್ಯಾರ್ಥಿ ಬಿಟ್ಟುಹೋಗಿದ್ದ ಗೋಣಿ, ಪುದುಚೇರಿ ಕಡೆಯ ಕಲ್ಲು, ಅದೇ ಬೂದಿ ಬಣ್ಣ, ಹೆಚ್ಚುಕಡಿಮೆ ಅದೇ ಕಾಲದ್ದು ಅಂತಿದ್ದರು, ಒಂದು ಚೂರು ಕೊಯ್ದ, ಅಂಟಿಸಿದ, ತೇಯ್ದ, ಈ ಸಲ ಎಷ್ಟು ಚೆಂದ ತೇಯ್ದ ಅಂದರೆ ತನ್ನ ಬದುಕಿನಲ್ಲೇ ಅಷ್ಟು ಒಳ್ಳೆಯ ಸ್ಲೈಡು ಮಾಡಿರಲಿಲ್ಲ, ಚೀಟಿ ಹಚ್ಚಿ ತನ್ನ ದುಂಡಗಿನ ಅಕ್ಷರದಲ್ಲಿ ನಲವತ್ತೊಂದು ಅಂತ ಬರೆದ. ನೂರರಲ್ಲಿ ಒಂದು, ಯಾರಿಗೆ ಏನಾಗತ್ತೆ. ಮೂರನೇ ದಿನ ಸಾರ್ ಬಾಗಿಲು ತಳ್ಳಿಕೊಂಡು ಬಂದರು, ಮೂರ್ತೀ, ನೋಡು ಬಾ ಇಲ್ಲಿ, ನಲವತ್ತರಲ್ಲಿ ಸಿಂಪಿ, ನಲವತ್ತೆರಡರಲ್ಲಿ ಸಿಂಪಿ, ನಡುವೆ ನೋಡು, ಆಳ, ಕಗ್ಗತ್ತಲ ಆಳ, ಅಲ್ಲಿ ಕೂತು ಕಲ್ಲು ಮುಟ್ಟಿದಾಗ ನಂಗೇನೂ ಗೊತ್ತಾಗ್ಲಿಲ್ಲ ಕಣಯ್ಯ, ಕಡಲು ಇದ್ದಕ್ಕಿದ್ದ ಹಾಗೆ ಎದ್ದು ಎಲ್ಲಾನೂ ಮುಳುಗಿಸಿದೆ ಇಲ್ಲಿ. ಆಗ ಹೇಳಬಹುದಿತ್ತು. ಅವರ ಮುಖ ಅಷ್ಟು ಬೆಳಗುತ್ತಿದ್ದುದನ್ನು ಅವನು ಕಂಡೇ ಇರಲಿಲ್ಲ, ಆ ಸಂಜೆಯೇ ಫೈಲಿಗೆ ಸಹಿ ಬಿತ್ತು. ಆಮೇಲೆ ಲೇಖನ, ಪದಕ, ಹೊರದೇಶದವರ ಕಾಗದ, ಇನ್ನೊಂದು ಸಲ ಆ ಜಾಗಕ್ಕೆ ಹೋಗಿಬಂದು ಸಾರ್ ಅಂದರು, ಗಣಿಯವರು ಗುಂಡಿಯ ಆ ಗೋಡೇನೇ ಕಡಿದು ಹಾಕಿದಾರೆ ಮೂರ್ತಿ, ಇನ್ನು ಆ ಕಡಲಿಗೆ ನಿನ್ನ ಸ್ಲೈಡೊಂದೇ ಸಾಕ್ಷಿ.

ಇಳಿಜಾರಿನಲ್ಲಿ ಮೊಣಕಾಲು ಹಿಡಿಯತ್ತೆ, ನಿಂತ, ಡಬ್ಬಿ ಈ ಕಂಕುಳಿಂದ ಆ ಕಂಕುಳಿಗೆ. ಲಾಸ್ಯಾ ಪಿಎಚ್‌ಡಿಗೆ ಸೇರಿದಾಗ ಯಾವ ಕಲ್ಲು ತಗೋತೀಯ ಅಂತ ಕೇಳಿದ್ದಕ್ಕೆ ನಕ್ಕಳು, ನಿನ್ನ ಕಲ್ಲೇ ಅಪ್ಪ, ಸಾರ್ ಮಾಡಿದ್ದನ್ನೇ ಹೊಸ ಯಂತ್ರದಲ್ಲಿ ಮತ್ತೆ ಮಾಡ್ತೀನಿ, ಅಷ್ಟು ಬೇಗ ಕಡಲು ಹೆಂಗೆ ಏರ್ತು ಅಂತ ಯಾರಿಗೂ ಗೊತ್ತಿಲ್ಲ. ಅನ್ನ ತಟ್ಟೆಯಲ್ಲೇ ಉಳಿಯಿತು ಅವತ್ತು. ಒಂದು ಸಲ ಅರಿಯಲೂರಿಗೆ ಹೋಗಿಬಂದಳು, ನಲವತ್ತೊಂದು ಸಿಗಲಿಲ್ಲ, ಎರಡನೇ ಸಲ, ಇಲ್ಲ, ಮೂರನೇ ಸಲ ಒಂದೊಂದು ಗೇಣಿಗೂ ಕಲ್ಲು ತಂದಳು, ಎಲ್ಲ ತೆಳು ನೀರು, ಎಲ್ಲ ಸಿಂಪಿ, ಆಳ ಎಲ್ಲೂ ಇಲ್ಲ. ಇಲ್ಲ ಅಂತ ಬರೆದು ಕಳಿಸಿದ್ದಕ್ಕೆ ಸಂಶೋಧನಾ ಪತ್ರಿಕೆಯವರು ವಾಪಸು ಬರೆದರು, ಹೆಸರಾಂತ ಪದರ ನಿಮ್ಮ ಕೈಗೆ ಸಿಗದಿರುವುದು ಆ ಪದರ ಇಲ್ಲ ಅನ್ನುವುದಕ್ಕೆ ಪುರಾವೆಯಲ್ಲ, ಅವಳ ಗೈಡು ಚಿದಂಬರ, ಅವರೂ ಸಾರ್ ಶಿಷ್ಯರೇ, ಎಲ್ಲರ ಮುಂದೆ ಅಂದರಂತೆ, ಗುರುಗಳು ಒಂದೇ ಸಲಕ್ಕೆ ಕಂಡಿದ್ದು ನಿನಗೆ ಮೂರು ಸಲಕ್ಕೂ ಕಾಣ್ಲಿಲ್ಲ ಅಂದ್ರೆ ನೋಡೋದನ್ನ ಕಲಿ ಮೊದ್ಲು. ಅವಳು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಳು, ಹೊರಗೆ ಸಿದ್ದಮ್ಮ, ಏನಾಯ್ತು ನೋಡಿ ಸ್ವಲ್ಪ, ನೀವೇ ಕೇಳಿ, ಅವಳು ನಿಮ್ಮ ಹತ್ರ ಹೇಳ್ತಾಳೆ. ಮೂರ್ತಿ ಬಾಗಿಲ ಹತ್ತಿರ ಹೋದ, ತುಟಿಗೆ ಬಂದಿತ್ತು, ನೀರಿನ ಸದ್ದು ಜೋರಿತ್ತು, ವಾಪಸು ಬಂದ. ನಾಲ್ಕನೇ ಸಲ ಪಡುವಣ ಗೋಡೆಯ ಕಡೆ ಹುಡುಕ್ತೀನಿ ಅಂತ ಹೊರಟಳು, ಪಾಳುಬಿದ್ದ ಗುಂಡಿ, ಹಿಂದಿನ ದಿನ ಮಳೆ ಬಂದಿತ್ತು, ಸಂಗಡ ಹೋಗಿದ್ದ ಆಕರ್ಷ ಅನ್ನೋ ಹುಡುಗ ಮಧ್ಯಾಹ್ನ ಎರಡೂವರೆಗೆ ಫೋನು ಮಾಡಿದ, ಅಂಕಲ್, ಅಂಚು ಕುಸೀತು ಅಂಕಲ್, ಮಾತಾಡ್ತಿದಾಳೆ, ಆದ್ರೆ ಕಾಲು ಗೊತ್ತಾಗ್ತಿಲ್ಲ ಅಂತಿದಾಳೆ. ಇಲ್ಲದ ಪದರ. ಅವಳು ಬಗ್ಗಿ ಹುಡುಕಿದ್ದು ಇಲ್ಲದ ಪದರ, ಅದು ಅವನ ಬಕೆಟ್ಟಿನ ತಳದಲ್ಲಿ ಬಿಳೀ ನೀರಾಗಿ ಮೋರಿಗೆ ಹೋಗಿ ಇಪ್ಪತ್ತೈದು ವರ್ಷವಾಗಿತ್ತು.

ಮನೆಯ ಕಡೆ ತಿರುಗಬೇಕಾದ ಕಾಲು ಕೆಂಪಾಂಬುಧಿ ಕೆರೆಯ ಕಡೆ ತಿರುಗಿತು, ಅವನೇನೂ ತಿರುಗಿಸಲಿಲ್ಲ, ಹಸಿರು ಕಟ್ಟಿದ ನೀರು, ತಂತಿಬೇಲಿ ಒಂದು ಕಡೆ ಬಗ್ಗಿದೆ, ಬೆಂಚಿನ ಮೇಲೆ ಒಬ್ಬ ಪೇಪರು ಮುಚ್ಚಿಕೊಂಡು ಮಲಗಿದಾನೆ. ಡಬ್ಬಿ ತೆರೆದ. ಸಾಲಾಗಿ ನಿಂತ ಗಾಜುಗಳು, ಎಲ್ಲದರ ಮೇಲೂ ಅವನದೇ ಅಕ್ಷರ, ನಲವತ್ತೊಂದನ್ನು ಎಳೆದ, ಇಷ್ಟಗಲ, ಬೆರಳುದ್ದ, ತೂಕವೇ ಇಲ್ಲ, ಬೀಸಿ ಎಸೆದರೆ ನೀರಿಗೆ ಬಿದ್ದ ಸದ್ದೂ ಕೇಳಲ್ಲ. ಎಸೆದರೆ ಏನು, ಎಸೆದರೆ ಸಾರ್ ಕಡಲು ಹಾಗೇ ಉಳಿಯತ್ತೆ, ಪುಸ್ತಕದಲ್ಲಿ ಪದಕದಲ್ಲಿ, ಲಾಸ್ಯಾ ಮಾತ್ರ ಕಾಣಬೇಕಾದ್ದನ್ನು ಕಾಣದೆ ಬಿದ್ದ ಹುಡುಗಿ, ಇಷ್ಟು ದಿನ ಇಲ್ಲವಾ ಹಾಗೇ, ಹಾಗೇ ಇರಲಿ, ಅಪ್ಪ ಅನ್ನೋದಾದರೂ ಉಳಿಯತ್ತೆ, ಊಟಕ್ಕೆ ಕೈ ಚಾಚ್ತಾಳೆ, ಪೇಪರು ಓದು ಅಪ್ಪ ಅಂತಾಳೆ, ಅವಳಿಗೆ ಉಳಿದಿರೋದು ಅಷ್ಟು. ಕೈ ಎತ್ತಿದ. ಎತ್ತಿದ ಕೈ ಹಾಗೇ ನಿಂತು ಭುಜ ನೋಯೋಕೆ ಶುರುವಾಯಿತು, ಬೆಂಚಿನವನು ಪೇಪರು ಸರಿಸಿ ನೋಡಿ, ಏನ್ ಸಾರ್, ಏನ್ ಹಾಕ್ತಿದೀರಾ, ಕೆರೆಗೆ ಏನೂ ಹಾಕೋಹಾಗಿಲ್ಲ ಅಂತ ಬೋರ್ಡಿದೆ ನೋಡಿ. ಇಲ್ಲಪ್ಪ, ಏನಿಲ್ಲ, ಅಂದ ಮೂರ್ತಿ, ಸ್ಲೈಡನ್ನು ಅಂಗಿಯ ಜೇಬಿಗೆ ಹಾಕಿಕೊಂಡ.

ಬಂದ್ಯಾ? ಹೊಸ್ತಿಲು ದಾಟುವ ಮೊದಲೇ ಒಳಗಿಂದ ಲಾಸ್ಯಾ ದನಿ, ಎಷ್ಟೊತ್ತು ಅಪ್ಪಾ, ಅಮ್ಮ ತ್ಯಾಗರಾಜನಗರಕ್ಕೆ ದೊಡ್ಡಮ್ಮನ ಮನೆಗೆ ಹೋದ್ಲು, ಒಂದು ಗಂಟೆಗೆ ಬರ್ತಾಳಂತೆ, ಕೊಡು ಕೊಡು. ಬಾಚಿದ ತಲೆ, ದಿಂಬಿಗೊರಗಿದ ಬೆನ್ನು, ಹೊದಿಕೆಯ ಕೆಳಗೆ ಇಟ್ಟ ಹಾಗೇ ಇರುವ ಕಾಲು, ಡಬ್ಬಿಯನ್ನು ಮಗುವಿನ ಹಾಗೆ ತಗೊಂಡಳು, ಬೆರಳಿಂದ ಸವರುತ್ತಾ ಎಣಿಸಿದಳು, ನಿನ್ನ ಅಕ್ಷರ ಎಷ್ಟು ಚೆನ್ನಾಗಿತ್ತಪ್ಪಾ ಆಗ, ಮೂವತ್ತೊಂಬತ್ತು, ನಲವತ್ತು, ನಲವತ್ತೆರಡು. ಬೆರಳು ಹಿಂದಕ್ಕೆ ಬಂತು. ನಲವತ್ತು. ನಲವತ್ತೆರಡು. ಅವಳು ತಲೆ ಎತ್ತಲಿಲ್ಲ, ಅದನ್ನೇ ಯಾರೋ ತೆಗೆದಿದಾರೆ ನೋಡು, ಅಂದಳು, ಅಷ್ಟೇ, ಮೆಲ್ಲಗೆ, ತಲೆ ಬಾಚಿಸಿಕೊಂಡ ಹುರುಪೆಲ್ಲ ಒಂದೇ ಸಲಕ್ಕೆ ಮುಖದಿಂದ ಇಳಿದುಹೋಯಿತು, ಎಂಟು ತಿಂಗಳ ಹಿಂದೆ ಡಾಕ್ಟರು ಹೇಳಿದಾಗಲೂ ಇದೇ ಮುಖ, ಅವನ ಕೈ ಜೇಬಿಗೆ ಹೋಯಿತು, ಇಲ್ಲಿದೆ, ದಾರೀಲಿ ಜಾರ್ತಿತ್ತು, ಅದಕ್ಕೆ ಜೇಬಲ್ಲಿಟ್ಟುಕೊಂಡೆ. ಅಯ್ಯೋ ಅಪ್ಪಾ, ಜೀವ ಹೋಗಿತ್ತು ನಂಗೆ. ನಕ್ಕಳು. ಇನ್ನೂ ನಗ್ತಿರುವಾಗಲೇ ಸ್ಲೈಡು ಇಟ್ಟು, ದೀಪ ಹಾಕಿ, ಕಣ್ಣಿಟ್ಟಳು.

ಫ್ಯಾನು ತಿರುಗ್ತಿದೆ, ಪಕ್ಕದ ಮನೆಯ ಕುಕ್ಕರು ಕೂಗ್ತು, ಅವಳ ಬೆರಳು ತಿರುಪನ್ನು ಇಷ್ಟಿಷ್ಟೇ ತಿರುಗಿಸ್ತಿದೆ, ಮೂರ್ತಿ ಕಿಟಕಿಯ ಸರಳು ಹಿಡಿದು ನಿಂತ. ಎಷ್ಟು ಹೊತ್ತಾಯಿತೋ. ಅಪ್ಪಾ, ಇದು ಅಲ್ಲೀದಲ್ಲ. ಅವನು ತಿರುಗಲಿಲ್ಲ. ಅಪ್ಪಾ ಕೇಳ್ತಿದೀಯಾ, ಇದು ಅರಿಯಲೂರು ಕಲ್ಲೇ ಅಲ್ಲ, ಸಿಂಪಿಯ ಒಂದು ಚೂರು ಬೇಡ್ವಾ, ಒಂದು ಮರಳು ಕಣ ಬೇಡ್ವಾ, ಈ ಕೆಸರು ನೋಡು, ಈ ಚಿಪ್ಪುಗಳು ನೋಡು, ಇವು ಪುದುಚೇರಿ ಕಡೇವು, ನಾನು ನೂರು ನೋಡಿದೀನಿ, ಇದು ಬೇರೆ ಸಮುದ್ರ ಅಪ್ಪಾ! ದನಿ ಏರಿತು, ಕೆನ್ನೆ ಕೆಂಪಾಯಿತು, ಎಂಟು ತಿಂಗಳಲ್ಲಿ ಕಾಣದ ಕೆಂಪು, ನಂಗೆ ಕಾಣದೇ ಇದ್ದದ್ದಲ್ಲ, ಅದು ಅಲ್ಲಿ ಇರ್ಲೇ ಇಲ್ಲ, ನಾನು ಸರಿಯಾಗೇ ನೋಡಿದ್ದೆ, ಮೂರು ಸಲಾನೂ ಸರಿಯಾಗೇ ನೋಡಿದ್ದೆ. ಅಳ್ತಿದಾಳೋ ನಗ್ತಿದಾಳೋ. ಆಮೇಲೆ ಇದ್ದಕ್ಕಿದ್ದ ಹಾಗೆ ತಣ್ಣಗಾದಳು, ಅವನೇ ಇಟ್ಟಿದಾನೆ. ಯಾರು? ನಿಮ್ಮ ಸಾರ್, ಬೇಕು ಅಂತಲೇ ಇಟ್ಟಿದಾನೆ, ಪದಕ ಬೇಕಿತ್ತು, ಪುದುಚೇರಿ ಕಲ್ಲು ತಂದು ನಿನ್ನ ಕೈಲಿ ತೇಯಿಸಿ ಅರಿಯಲೂರು ಅಂದುಬಿಟ್ಟ, ಅದಕ್ಕೇ ಕಾಲೇಜಿಗೆ ಕೊಡದೆ ಮನೇಲಿ ಬಚ್ಚಿಟ್ಟಿದ್ದ, ಕಳ್ಳ, ಅವನಿಂದ ನಾನು — ಫೋನು ಎತ್ತಿಕೊಂಡಳು, ಚಿದಂಬರ ಸಾರ್‌ಗೆ ಈಗಲೇ ಹೇಳ್ತೀನಿ, ಎಲ್ಲರಿಗೂ ಗೊತ್ತಾಗ್ಲಿ, ಸತ್ತರೇನಾಯ್ತು. ಹೌದಲ್ಲ, ಸತ್ತರೇನಾಯ್ತು, ಸಾರ್‌ಗೆ ಇನ್ನು ಕೇಳಿಸಲ್ಲ, ನೋಯಲ್ಲ, ಮೂರ್ತಿ ಬಾಯಿ ತೆರೀಬೇಕಾಗೇ ಇಲ್ಲ, ಮಗಳಿಗೆ ಮಾನ ವಾಪಸು ಬರತ್ತೆ, ಅಪ್ಪನೂ ಉಳೀತಾನೆ, ಎಲ್ಲ ಸರಿಹೋಗತ್ತೆ, ಫೋನಿನ ಕರೆ ಹೋಗ್ತಿದೆ, ಒಂದು, ಎರಡು, ಶಿವಕುಮಾರಿ ಅಮ್ಮನವರ ಸೆರಗಿಗೆ ಹತ್ತಿದ ಧೂಳು, ನಾಳೆ ಆ ಮನೆಯ ಗೇಟಿನ ಮುಂದೆ ಪೇಪರಿನವರು, ಮೂರು, ಹಲೋ, ಹೇಳಮ್ಮ ಲಾಸ್ಯಾ ಅಂದಿತು ಚಿದಂಬರರ ದನಿ, ಸಾರ್ ಅಲ್ಲ, ಅಂದ ಮೂರ್ತಿ.

ಏನು? ಸಾರ್ ಅಲ್ಲಮ್ಮ. ನಾನು. ಫೋನಿನಲ್ಲಿ ಹಲೋ ಹಲೋ ಅಂತಿದೆ, ಅವಳು ಅದನ್ನು ಹಾಗೇ ಹೊದಿಕೆಯ ಮೇಲಿಟ್ಟಳು, ಇಟ್ಟು, ಮತ್ತೆ ತಗೊಂಡು, ಆಮೇಲೆ ಮಾಡ್ತೀನಿ ಸಾರ್, ಅಂತ ಕಟ್ ಮಾಡಿದಳು. ಅವನು ಹೇಳಿದ. ಇಪ್ಪತ್ತಾರು ವರ್ಷ ಹೊತ್ತದ್ದು ಹೇಳೋಕೆ ಎರಡು ನಿಮಿಷ ಸಾಕಾಯಿತು, ತೇದುಹೋಯ್ತು, ಗೋಣೀಲಿತ್ತು, ಇಟ್ಟುಬಿಟ್ಟೆ, ಸಾರ್‌ಗೆ ಕೊನೇವರೆಗೂ ಗೊತ್ತಿರಲಿಲ್ಲ, ರೇಡಿಯೋ ವಿಷಯವನ್ನೂ ಹೇಳಿದ, ಜ್ವರ ಅನ್ನಬೇಕು ಅಂತ ಬಾಯಿಗೆ ಬಂದಿತ್ತು, ಅನ್ನಲಿಲ್ಲ. ಅವಳು ಬೈಯಲಿಲ್ಲ. ಬೈದಿದ್ದರೆ, ಡಬ್ಬಿ ತೆಗೆದು ಮುಖಕ್ಕೆ ಎಸೆದಿದ್ದರೆ ಎಷ್ಟು ಚೆನ್ನಾಗಿರ್ತಿತ್ತು, ಅವಳು ಯೋಚನೆ ಮಾಡ್ತಿದ್ದಳು, ಕಲ್ಲು ನೋಡುವಾಗ ಮಾಡುವ ಹಾಗೆ, ಒಂದರ ಮೇಲೊಂದು ಇಟ್ಟು. ನಾಲ್ಕನೇ ಸಲ ಹೋದಾಗ, ಅಂದಳು, ಬೆಳಿಗ್ಗೆ ಬಸ್ ಸ್ಟ್ಯಾಂಡಿಗೆ ಬಿಟ್ಟಿದ್ದು ನೀನಲ್ವಾ. ಹೂಂ. ಸ್ಕೂಟರಲ್ಲಿ. ಹೂಂ. ನೀನು ಚಪಾತಿ ಕಟ್ಟಿಸ್ಕೊಂಡು ಬಂದಿದ್ದೆ, ಬಸ್ಸು ಹೊರಡೋವರೆಗೆ ಕಿಟಕಿ ಹತ್ರ ನಿಂತಿದ್ದೆ. ಅವತ್ತೂ ಗೊತ್ತಿತ್ತಾ ನಿಂಗೆ, ಅಲ್ಲಿ ಏನೂ ಇಲ್ಲ ಅಂತ? ಗೊತ್ತಿತ್ತು. ಹೇಳಿದ ಮೇಲೆ ಅದು ಕೋಣೆಯಲ್ಲಿ ಉಳಿದುಕೊಂಡಿತು, ಗೊತ್ತಿತ್ತು, ಬಸ್ಸಿನವನು ಎರಡು ಸಲ ಹಾರನ್ ಮಾಡಿದ್ದ, ಅವಳು ಕಿಟಕಿಯಿಂದ ಕೈ ಹೊರಗೆ ಹಾಕಿ ಅವನ ಅಂಗಿಯ ಕಾಲರು ಸರಿಮಾಡಿದ್ದಳು, ಹುಷಾರಮ್ಮ ಅಂದಿದ್ದ, ಅದೊಂದೇ ಅಂದಿದ್ದ.

ಗಡಿಯಾರ ನೋಡಿದಳು. ಹನ್ನೆರಡೂ ಕಾಲು, ಹೀಗೆ ಕೂತು ಎರಡು ಗಂಟೆ ಆಯ್ತು, ಮಗ್ಗುಲು ತಿರುಗಿಸಬೇಕು, ಅಮ್ಮ ಇಲ್ಲ. ಮೇಜು ತೆಗಿ. ಅವನು ಮೇಜು ತೆಗೆದ, ಮೈಕ್ರೋಸ್ಕೋಪಿನ ದೀಪ ಆರಿಸಿದ, ದಿಂಬು ತೆಗೆದು ಒಂದು ಕೈ ಭುಜದ ಕೆಳಗೆ, ಒಂದು ಸೊಂಟದ ಕೆಳಗೆ, ದಿನಾ ಮುಖದ ಕಡೆ ನಿಂತು ಎಳೆಯೋನು ಅವನು, ಬೆನ್ನಿನ ಕಡೆ ಸಿದ್ದಮ್ಮ, ಇವತ್ತು ಮುಖ ಈ ಕಡೆ ಬರೋ ಹಾಗೆ ಎಳೆಯೋಕೆ ಹೋದ, ಈ ಕಡೆ ಬೇಡ ಅಂದಳು, ಗೋಡೆ ಕಡೆ. ತಳ್ಳಿದ, ಮೈ ಭಾರ, ಕಾಲನ್ನು ಒಂದೊಂದಾಗಿ ಎತ್ತಿ ಒಂದರ ಮೇಲೊಂದು ಇಟ್ಟ, ನಡುವೆ ಬಟ್ಟೆ ಸುತ್ತಿದ ದಿಂಬು, ಸಾಕು, ಕೈ ತೆಗಿ. ತೆಗೆದ. ಇದನ್ನೆಲ್ಲ ನಾನೇ ಬರೀತೀನಿ ಚಿದಂಬರ ಸಾರ್‌ಗೆ, ಅಂದಳು ಗೋಡೆಗೆ, ನಿನ್ನ ಹೆಸರು ಹಾಕ್ತೀನಿ, ನೀನು ಸಹಿ ಮಾಡು. ಮಾಡ್ತೀನಿ. ಅಮ್ಮಂಗೆ ನಾನು ಹೇಳಲ್ಲ, ಅದು ನಿಂಗೆ ಬಿಟ್ಟಿದ್ದು. ನೈಟಿಯ ಹಿಂದಿನ ಗುಂಡಿ ಬಿಚ್ಚಿಕೊಂಡಿತ್ತು, ಹಾಕಬೇಕು ಅಂತ ಬಗ್ಗಿದ, ಬೆನ್ನು ಕಂಡಿತು, ಎಂಟು ತಿಂಗಳಿಂದ ಸಿದ್ದಮ್ಮನೇ ನೋಡಿಕೊಂಡಿದ್ದ ಬೆನ್ನು, ಮಧ್ಯದಲ್ಲಿ ಉದ್ದಕ್ಕೆ ಕೊಯ್ದು ಹೊಲಿದ ಗೆರೆ, ಹೊಲಿಗೆಯ ಒಂದೊಂದು ಚುಕ್ಕೆಯೂ ಎರಡೂ ಪಕ್ಕದಲ್ಲಿ ಹಾಗೇ ಉಳಿದಿದೆ, ಎಣಿಸಬೇಡ ಅಂದುಕೊಂಡ, ಎಣಿಸ್ತಿದಾನೆ, ಸಿದ್ದಮ್ಮ ಬಂದರೆ ಬಾಗಿಲಲ್ಲೇ ಹೇಳಬೇಕು, ಚಪ್ಪಲಿ ಬಿಡೋ ಮೊದಲೇ, ಒಂದು ಗಂಟೆಗೆ, ಇನ್ನು ಮುಕ್ಕಾಲು ಗಂಟೆ, ಏನಂತ ಶುರುಮಾಡೋದು, ಸಿದ್ದೀ, ಕೂತ್ಕೋ ಅಂತ — ಬೆನ್ನ ಮೇಲಿನ ಗೆರೆ, ಕತ್ತಿನ ಕೆಳಗಿಂದ ಹೊರಟು ಸೊಂಟದವರೆಗೆ, ನೇರ ಇಲ್ಲ, ನಡುವೆ ಒಂದು ಕಡೆ ಸ್ವಲ್ಪ ಸೊಟ್ಟ, ಗುಂಡಿ ಹಾಕೋಕೆ ಹೋದ ಬೆರಳು ಅಲ್ಲೇ ನಿಂತಿದೆ, ಸೊಟ್ಟಗಾದ ಕಡೆ, ಉಸಿರಿಗೆ ಅದು ಏರ್ತಿದೆ, ಇಳೀತಿದೆ, ಆ ಗೆರೆ, ಸೊಂಟದವರೆಗೆ ಆ ಗೆರೆ, ಆ ಗೆರೆ